ಕಾಪಿ ಹೊಡೆದ ಮಣ್ಣು

ವಿಜ್ಞಾನದ ಮೇಷ್ಟ್ರಿಗೆ ಇಪ್ಪತ್ತೆರಡು ವರ್ಷಗಳ ಒಂದು ಅಭ್ಯಾಸ. ಶಾಲೆಗೆ ಯಾರಾದರೂ ತಪಾಸಣೆಗೆ ಬರುತ್ತಾರೆಂದರೆ ಸಾಕು, ಜಾಣ ಮಕ್ಕಳನ್ನು ಮುಂದಿನ ಬೆಂಚಿಗೆ ಎಳೆದು ಕೂರಿಸಿ, ಉಳಿದವರನ್ನು ಅವರ ಬೆನ್ನಿನ ಮರೆಗೆ ಸರಿಸಿಬಿಡುತ್ತಾರೆ. ಹಾಗಾಗಿ, ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ತರಕಾರಿ ತೋಟ ಮಾಡುವ ಮೊದಲು ಮಣ್ಣಿನ ಪರೀಕ್ಷೆ ಆಗಬೇಕೆಂದು ಹೆಡ್‌ಮೇಡಂ ಹೇಳಿದಾಗ, ಅವರಿಗೆ ಬಂದ ಚಿಂತೆ ಮಣ್ಣಿನದಲ್ಲ, ಫಲಿತಾಂಶದ್ದು.

"ಮಕ್ಕಳು ಬೆಳೆದು ತಿನ್ನೋ ಜಾಗ ಮೇಷ್ಟ್ರೇ. ಹಿಂದೆ ಅಲ್ಲಿ ಯಾರು ಏನು ಸುರಿದಿದ್ರೋ ಗೊತ್ತಿಲ್ಲ," ಎಂದಿದ್ದರು ಹೆಡ್‌ಮೇಡಂ. "ಹತ್ತು ಕಡೆ ಅಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಕಳಿಸಿ. ಸರಿ ಇಲ್ಲ ಅಂತ ಬಂದ್ರೆ ಆಡಳಿತ ಮಂಡಳಿಯವರು ಸಿಮೆಂಟ್ ಹಾಕಿಸಿ ಗಾಡಿ ನಿಲ್ಲಿಸ್ತಾರೆ, ಅಷ್ಟೇ."

ತರಗತಿಯ ಕಿಟಕಿಯಲ್ಲಿ ಮೂವತ್ತೆಂಟು ಕಾಗದದ ಲೋಟಗಳು. ಪ್ರತಿ ಲೋಟದ ಮೇಲೆ ಒಂದು ಸೊಟ್ಟ ಹೆಸರು, ಒಳಗೆ ಎರಡೇ ಎಲೆಯ ಟೊಮೆಟೊ ಸಸಿ.

ಮೇಷ್ಟ್ರು ಮಣ್ಣನ್ನು ಮನೆಗೆ ತಂದು ಹಜಾರದಲ್ಲಿ ಹಳೆಯ ಪೇಪರಿನ ಮೇಲೆ ಹರವಿದರು. ಬೂದು ಬಣ್ಣ, ಕಲ್ಲು, ಬರೀ ಹೆಂಟೆ. ಥೇಟ್ ಹಿಂದಿನ ಬೆಂಚಿನ ಹುಡುಗ. ಪಕ್ಕದಲ್ಲೇ ಹೆಂಡತಿಯ ಗುಲಾಬಿ ಕುಂಡ. ಅದರ ಮಣ್ಣೋ ಕಪ್ಪಗೆ, ಮೆತ್ತಗೆ, ನೋಡಿದರೆ ತರಗತಿಗೇ ಮೊದಲು ಬರುವಂತಿತ್ತು. ಮೇಷ್ಟ್ರ ಕೈ ತಾನಾಗಿ ಚಾಚಿತು.

"ರೀ, ನನ್ನ ಕುಂಡಕ್ಕೆ ಯಾಕೆ ಕೈ ಹಾಕಿದ್ರಿ?"

"ನಾಲ್ಕು ಬೊಗಸೆ ಇದಕ್ಕೆ ಬೆರೆಸ್ತೀನಿ, ಅಷ್ಟೇ ಕಣೇ. ಈ ಮಣ್ಣು ನೋಡು, ಮುಖದಲ್ಲಿ ಕಳೆನೇ ಇಲ್ಲ."

"ಮುಖ ನೋಡಿ ಮಾರ್ಕ್ಸ್ ಕೊಡ್ತಾರಾ?"

"ನಿನಗೆ ಗೊತ್ತಾಗಲ್ಲ ಬಿಡು. ಪರೀಕ್ಷೆ ನಡೆಸಿ ನಡೆಸಿ ಕೂದಲು ನರೆತಿರೋದು ನಂದು."

ಹೆಂಡತಿ ಸುಮ್ಮನೆ ಒಳಗೆ ಹೋದಳು. (ಆಕೆ ಸುಮ್ಮನಾದಾಗಲೆಲ್ಲ ಮೇಷ್ಟ್ರು ಗೆದ್ದೆನೆಂದುಕೊಳ್ಳುತ್ತಾರೆ. ಮದುವೆಯಾದಾಗಿನಿಂದ ಅವರು ಹೀಗೆ ಬಹಳ ಸಲ ಗೆದ್ದಿದ್ದಾರೆ.)

ಎರಡು ವಾರಕ್ಕೆ ವರದಿ ಬಂತು. ಸೀಸದ ಅಂಶ ಮಿತಿ ಮೀರಿದೆ. ತಿನ್ನುವ ಬೆಳೆ ಬೆಳೆಯಕೂಡದು. ಹೆಡ್‌ಮೇಡಂ ಕನ್ನಡಕ ತೆಗೆದಿಟ್ಟು, "ಲೋಟಗಳನ್ನ ಮಕ್ಕಳ ಮನೆಗೆ ಕಳಿಸಿಬಿಡಿ," ಎಂದರು. ಎರಡು ಜಡೆಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ನಮ್ಮ ಮಣ್ಣು ಫೇಲಾ?"

ಸಂಜೆ ಮೇಷ್ಟ್ರು ಹೆಂಡತಿಗೆ ಎಲ್ಲ ಹೇಳಿದರು. ಆಕೆ ಒಗೆದ ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡಳು.

"ಸೀಸ ಅಂದ್ರೆ ಹಳೇ ಕಾಲದ ಬಣ್ಣದಲ್ಲಿ ಇರ್ತಿತ್ತಲ್ಲ, ಅದೇನಾ?"

"ಅದೇ. ಎಂಟನೇ ಕ್ಲಾಸಿಗೆ ನಾನೇ ಪಾಠ ಮಾಡ್ತೀನಿ."

"ಹೋದ ಬೇಸಿಗೇಲಿ ತಾತನ ಕಾಲದ ಕಿಟಕಿನ ಉಪ್ಪುಕಾಗದದಲ್ಲಿ ಉಜ್ಜಿದ್ರಲ್ಲ. ಆ ಪುಡಿ ಎಲ್ಲಿ ಹಾಕಿದ್ರಿ? ದೂರ ಚೆಲ್ಲಿ ಬಂದೆ ಅಂದಿದ್ರಿ."

ಮೇಷ್ಟ್ರು ಕುಂಡದ ಕಡೆ ನೋಡಿದರು. ಏನೂ ಅರಿಯದ ಗುಲಾಬಿ ಹೊಸ ಮೊಗ್ಗು ಬಿಟ್ಟಿತ್ತು.

"ಅಷ್ಟೇನೂ ದೂರ ಅಲ್ಲ," ಎಂದರು.

ಪಾಸಾಗುವ ಹುಡುಗನಿಗೆ ತಾವೇ ತಪ್ಪು ಉತ್ತರದ ಚೀಟಿ ಕೊಟ್ಟಂತಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಲೋಟಗಳ ಮೇಲಿನ ಆ ಸೊಟ್ಟ ಹೆಸರುಗಳು ಕಣ್ಣ ಮುಂದೆ ಸಾಲಾಗಿ ನಿಂತವು.

ಮರುದಿನ ಹೆಡ್‌ಮೇಡಂ ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿದರು. "ಹೊಸ ಮಣ್ಣನ್ನ ಮಕ್ಕಳ ಕೈಲೇ ತೆಗೆಸ್ತೀನಿ. ನೀವು ಮುಟ್ಟಬೇಡಿ. ವರದಿ ಬಂದ ದಿನ ಮನೆಯಿಂದ ಯಾರನ್ನಾದ್ರೂ ಕರ್ಕೊಂಡು ಬನ್ನಿ."

ಈ ಸಲ ವರದಿ ಚೊಕ್ಕವಾಗಿತ್ತು. ಹೆಂಡತಿ ಹೆಡ್‌ಮೇಡಂ ಎದುರಿನ ಕುರ್ಚಿಯಲ್ಲಿ ಕೂತಳು.

"ಮಣ್ಣು ಬಂಗಾರದಂಥದ್ದು ಕಣಮ್ಮಾ. ಇವರ ಮೇಲೆ ಸ್ವಲ್ಪ ನಿಗಾ ಇಡಿ."

"ಮನೇಲೂ ಹೀಗೇ ಮೇಡಂ. ಹೇಳಿದ್ರೆ ಕೇಳಲ್ಲ. ಆ ಕುಂಡಕ್ಕಂತೂ 'ಡಿಬಾರ್' ಅಂತ ಚೀಟಿ ಅಂಟಿಸಿ ಮೂಲೆಗಿಟ್ಟಿದೀನಿ."

ಪಕ್ಕದಲ್ಲಿ ಮೇಷ್ಟ್ರು ಕೈಕಟ್ಟಿ, ತಲೆ ತಗ್ಗಿಸಿ, ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಿದ್ದರು. ಸಸಿ ನೆಡಲು ಲೋಟ ಹಿಡಿದು ಹೊರಟಿದ್ದ ಮಕ್ಕಳು ಕಿಟಕಿಯ ಬಳಿ ತಡೆದು ನಿಂತರು.

"ಪಾಪ ಕಣ್ರೇ," ಎಂದಳು ಎರಡು ಜಡೆಯ ಹುಡುಗಿ, ಮೆಲ್ಲಗೆ. "ಸಾರ್ ಮನೆಯವರನ್ನ ಕರೆಸಿದ್ದಾರೆ."