ಆಯಿಯನ್ನು ರಸ್ತೆ ದಾಟಿಸಿದ್ದು

ಏ ಸಮ್ಮೇದಾ! ಏ ವೃಷಾಲೀ! ಅಲ್ಲೇ ನಿಲ್ರಿ, ದಾಟಬ್ಯಾಡ್ರಿ, ಮೊದಲ ನನ್ನ ಕಥಿ ಕೇಳ್ರಿ!

ನಿಮ್ಮ ಗೆಳತಿ ಮನಾಲಿ ಈಗ ಸಾಮಾನ್ಯಳಲ್ಲ. ಕಾಲೇಜಿನ ರಸ್ತೆ ಸುರಕ್ಷತಾ ದಳದ ಸದಸ್ಯೆ! ಎದೆಗೆ ಬಿಲ್ಲೆ, ಕೊರಳಿಗೆ ಸೀಟಿ. ಇನ್ನು ನಮ್ಮೂರು ಗಡಹಿಂಗ್ಲಜದಲ್ಲಿ ಒಂದು ಇರುವೆಯೂ ನಿಯಮ ಮೀರಿ ರಸ್ತೆ ದಾಟಬಾರದು ಎಂದು ಪಣ ತೊಟ್ಟಿದ್ದೆ.

ಮೊನ್ನೆ ಚತುರ್ದಶಿ, ನಮ್ಮ ಜೈನರ ವ್ರತದ ದಿನ. ಆಯಿಗೆ, ಅಂದರೆ ನನ್ನ ಅಜ್ಜಿ ಸೋನಾಬಾಯಿಗೆ, ಅವತ್ತು ಒಂದೇ ಊಟ. ಅದೂ ಹೊತ್ತು ಮುಳುಗುವುದರೊಳಗೆ. ಮುಳುಗಿದರೆ ಮರುದಿನದ ತನಕ ಹನಿ ನೀರೂ ಇಲ್ಲ. ಹಿಂದಿನ ಸಂಜೆ ಉಂಡವಳು, ಆಮೇಲೆ ಏನೂ ತಿಂದಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಮೊದಲ ಸಲ ಮಗಳ ಮನೆಯಲ್ಲಿ ಉಣ್ಣಲು ಒಪ್ಪಿದ್ದಳು. ಛಾಯಾ ಅತ್ತೆಯ ಮನೆ ರಸ್ತೆಯ ಆಚೆಗೇ. ಐದೂಕಾಲಿಗೆ ಹೊರಟೆವು.

"ನಿಮ್ಮ ಅಜ್ಜ ಛತ್ರಿ ಎತ್ತಿದ್ರ ಸಾಕಾಗಿತ್ತು, ಟ್ರಕ್ ನಿಲ್ತಿದ್ವು," ಎಂದಳು ಆಯಿ.

"ಅದು ಗುನ್ಹೆ, ಆಯಿ!"

ಅಷ್ಟರಲ್ಲಿ ಹಾಲಿನ ತಮ್ಮಣ್ಣ ನಡುರಸ್ತೆಯಲ್ಲಿ ಸೈಕಲ್ ಅಡ್ಡ ನಿಲ್ಲಿಸಿ ಕೂಗಿದ: "ಬರ್ರಿ ಆಯಿ, ಲವ್ಕರ್, ಲಗೂನ ದಾಟ್ರಿ!"

ಫುರ್ರ್! ಸೀಟಿ ಊದಿದೆ. "ಏ ಕಾಕಾ, ಇಲ್ಲಿ ಬಿಳಿ ಪಟ್ಟಿ ಅದಾವೇನು? ನಿಯಮ ಅಂದ್ರ ನಿಯಮ!"

ಬಿಳಿ ಪಟ್ಟಿ ಇದ್ದದ್ದು ಅರ್ಧ ಕಿಲೋಮೀಟರ್ ದೂರದ ಚೌಕದಲ್ಲಿ. ಆಯಿ ನನ್ನ ಹಿಂದೆ ನಡೆದಳು. ಅಲ್ಲಿ ನೋಡಿದರೆ ಕಬ್ಬಿನ ಟ್ರ್ಯಾಕ್ಟರುಗಳ ಮೆರವಣಿಗೆ! ಒಂದಕ್ಕೆ ಎರಡೆರಡು ಟ್ರೇಲರ್ ಡಬ್ಬಿ, ಡಬ್ಬಿಗೊಂದು ಗುಡ್ಡ ಕಬ್ಬು. ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಮತ್ತೆ ಬಲಕ್ಕೆ. ಕುತ್ತಿಗೆ ಉಳುಕಿತೇ ಹೊರತು ರಸ್ತೆ ಖಾಲಿಯಾಗಲಿಲ್ಲ. ಟ್ರ್ಯಾಕ್ಟರಿನವರು ಹಚ್ಚಿದ ಹಾಡಿನ ಮುಂದೆ ನನ್ನ ಸೀಟಿ ಸೊಳ್ಳೆಯ ಗುಂಯ್!

ಆಯಿ ಬಲಕ್ಕೂ ನೋಡುತ್ತಿರಲಿಲ್ಲ, ಎಡಕ್ಕೂ ನೋಡುತ್ತಿರಲಿಲ್ಲ. ಕಬ್ಬಿನ ಸಂದಿಯಲ್ಲಿ ಕೆಂಪಗಾಗುತ್ತಿದ್ದ ಸೂರ್ಯನನ್ನೇ ನೋಡುತ್ತಿದ್ದಳು.

ಕಡೆಗೂ ದಾಟಿದೆವು. ಮೈಮೇಲೆ ಒಂದು ಗೀರೂ ಇಲ್ಲ! ಆಚೆ ಬದಿಯಲ್ಲಿ ಮತ್ತೆ ಅರ್ಧ ಕಿಲೋಮೀಟರ್ ಹಿಂದಕ್ಕೆ ನಡೆದು ಬಂದರೆ ಅತ್ತೆ ಬಾಗಿಲಲ್ಲಿ ತಾಟು ಹಿಡಿದು ನಿಂತಿದ್ದಳು. ಬಿಸಿ ಜೋಳದ ಭಾಕ್ರಿ, ಅವರೆಕಾಳಿನ ಪಲ್ಯ.

"ಯವ್ವಾ, ಈಗಷ್ಟ ಹೊತ್ತು ಮುಳುಗ್ತು," ಎಂದು ಅತ್ತೆ ಕಣ್ಣೊರೆಸಿಕೊಂಡಳು.

"ಐದ ನಿಮಿಷ ಅಷ್ಟ, ಆಯಿ! ಉಣ್ಣು. ಯಾರು ನೋಡ್ತಾರ?" ಬೇಡಿಕೊಂಡೆ.

ಆಯಿ ನನ್ನ ಎದೆಯ ಬಿಲ್ಲೆ ಸವರಿದಳು. "ನಿಯಮ ಅಂದ್ರ ನಿಯಮ ಅಂತ ನೀನ ಅಂದಿದ್ದಿ ಅಲ್ಲ, ಕೂಸ? ಭಾಳ ಛಲೋ ದಾಟಿಸಿದಿ. ನೀ ಉಣ್ಣು."

ನನ್ನ ತಾಟನ್ನೂ ಅತ್ತೆಯ ಕೈಗೆ ವಾಪಸ್ ಕೊಟ್ಟೆ. ಆಯಿಯ ಕಾಲು ಒತ್ತಲು ಬಗ್ಗಿದರೆ ಕೊರಳ ಸೀಟಿ ಅವಳ ಮೊಣಕಾಲಿಗೆ ಬಡಿಯಿತು. ಬಿಚ್ಚಿ ಪಕ್ಕಕ್ಕಿಟ್ಟೆ. ಅವಳಿಗೆ ನಿದ್ದೆ ಹತ್ತುವ ತನಕ ಒತ್ತುತ್ತಾ ಕೂತೆ.