ಹದಿನಾಲ್ಕನೆಯ ಪ್ರಶ್ನೆ

ನಮ್ಮವರು ಯಂತ್ರದ ಮೇಲಿದ್ದ ಟವೆಲ್ಲನ್ನು ಸರ್ರನೆ ಎಳೆದು, "ನೋಡು ಪಂಕಜಾ! ಮನಸ್ಸಿನೊಳಗೆ ಇರೋದನ್ನ ಹೊರಗೆ ತೆಗೆಯೋ ಪ್ರಪಂಚದ ಮೊಟ್ಟಮೊದಲ ಯಂತ್ರ!" ಎಂದು ಘೋಷಿಸಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನನ್ನ ಹಿಟ್ಟಿನ ಜರಡಿ.

"ಒಂಬತ್ತು ದಿನದಿಂದ ಹುಡುಕ್ತಾ ಇದೀನಿ! ಇಲ್ಲಿದೆಯಾ ಇದು?"

"ಅದು ಈಗ ಜರಡಿ ಅಲ್ಲ ಕಣೇ, ಶಿರೋಗ್ರಾಹಕ!"

ಜರಡಿಗೆ ಹನ್ನೆರಡು ವೈರು. ಪಕ್ಕದಲ್ಲಿ ರಕ್ತದೊತ್ತಡ ಅಳೆಯುವ ತೋಳುಪಟ್ಟಿ, ಹಿಂದೆ ಹಳೆಯ ರೇಡಿಯೊ ಒಂದರ ಹೊಟ್ಟೆ. ನಮ್ಮವರು, ಎಂದರೆ ತ್ರ್ಯಂಬಕರಾಯರು, ಗಡಿಯಾರ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮುಳ್ಳು ಕೂರಿಸಿ ನಿವೃತ್ತರಾದವರು. ಅಂದಿನಿಂದ ನಮ್ಮ ತುಮಕೂರಿನ ಮನೆಯಲ್ಲಿ ಸಂಶೋಧನೆ ನಡೆಯುತ್ತಿದೆ. ಕಳೆದ ವರ್ಷದ ದೋಸೆ ಮಗುಚುವ ಯಂತ್ರ ಮಗುಚಿದ ದೋಸೆಯೊಂದು ಇನ್ನೂ ಫ್ಯಾನಿನ ರೆಕ್ಕೆಗೆ ಅಂಟಿಕೊಂಡಿದೆ.

ಈ ಸಲದ ಅನಾಹುತಕ್ಕೆ ಕಾರಣ ನನ್ನ ಗೆಳತಿ ವಾರಿಜಾಕ್ಷಿ. ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವಳು. ಹಳೆಯ ಗೆಳತಿಯರದ್ದೊಂದು ಸ್ಮರಣ ಸಂಚಿಕೆ ತರುತ್ತೇನೆಂದು ನನ್ನ ಫೋನಿಗೆ ಹದಿನಾಲ್ಕು ಪ್ರಶ್ನೆ ಕಳಿಸಿದ್ದಳು. ಇಷ್ಟದ ತಿಂಡಿ, ಇಷ್ಟದ ಬಣ್ಣ, ಮತ್ತೆ ಹುಟ್ಟಿದರೆ ಇದೇ ಕೆಲಸವೇ, ಹೀಗೆ. ನನ್ನ ಭುಜದ ಮೇಲಿಂದ ಇಣುಕಿ ಓದುತ್ತಿದ್ದ ನಮ್ಮವರು ಕೊನೆಯ ಪ್ರಶ್ನೆಗೆ ಬಂದಾಗ ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿದರು: "ಇನ್ನೊಂದು ಅವಕಾಶ ಸಿಕ್ಕರೆ ಇದೇ ಗಂಡನೇ?"

"ಇದಕ್ಕೆ ಏನು ಬರೀತೀಯಾ?" ಎಂದರು, ಏನೂ ಆಗದವರ ಹಾಗೆ.

"ನೋಡೋಣ," ಎಂದೆ.

ಆ ಒಂದು ಮಾತಿಗೆ ಒಂಬತ್ತು ದಿನ ಹಿತ್ತಲಿನ ಶೆಡ್ಡು ಸೇರಿಕೊಂಡುಬಿಟ್ಟರು!

ಭಾನುವಾರ ಬೆಳಿಗ್ಗೆ ಪ್ರದರ್ಶನ. ಪಕ್ಕದ ಮನೆಯ ನಂಜುಂಡಾರಾಧ್ಯರು ಪೇಪರು ಕೇಳಲು ಬಂದು ಸಿಕ್ಕಿಬಿದ್ದರು. ತಲೆಗೆ ಜರಡಿ, ತೋಳಿಗೆ ಪಟ್ಟಿ. ಯಂತ್ರ ಮಾತಾಡಿತು. ದನಿ ನಮ್ಮವರ ಸೋದರತ್ತೆಯದು, ಯಾವುದೋ ಮದುವೆಯ ಕ್ಯಾಸೆಟ್ಟಿನಿಂದ ತೆಗೆದದ್ದಂತೆ. ಆಕೆ ಹೋಳಿಗೆ ಹಿಡಿದು ಪಂಕ್ತಿಗೆ ಇಳಿದರೆ ತಪ್ಪಿಸಿಕೊಂಡವರಿಲ್ಲ.

"ಕಾಫಿ ಕುಡೀತೀರಾ?"

"ಬೇಡಮ್ಮ, ಈಗ್ತಾನೆ ಆಯ್ತು."

"ಕುಡೀರಿ ಪರವಾಗಿಲ್ಲ."

"ಖಂಡಿತಾ ಬೇಡ."

"ದಾಕ್ಷಿಣ್ಯ ಮಾಡ್ಕೋಬೇಡಿ, ನಿಜ ಹೇಳಿ!"

"ಹಂಗಾದ್ರೆ ಅರ್ಧ ಲೋಟ ಕೊಡಿ. ಜೊತೆಗೆ ಆ ಡಬ್ಬಿಯಲ್ಲಿರೋ ಕೋಡುಬಳೆ!"

ಹಸಿರು ದೀಪ ಉರಿಯಿತು. ನಮ್ಮವರು ಕುಣಿದುಬಿಟ್ಟರು. "ನೋಡಿದ್ಯಾ? ನಮ್ಮ ಜನ ಮೊದಲೆರಡು ಸಲ ಹೇಳೋದು ಬರೀ ದಾಕ್ಷಿಣ್ಯ! ವಿದೇಶದವರ ಯಂತ್ರಗಳಿಗೆ ಇದು ತಿಳಿಯಲ್ಲ, ಮೊದಲನೇ ಉತ್ತರಾನೇ ನಂಬ್ಕೊಂಡು ಕೂರ್ತವೆ!"

ಅಲ್ಲಿಗೆ ನಿಲ್ಲಿಸಬಹುದಿತ್ತು. ಯಂತ್ರ ನಿಲ್ಲಿಸಲಿಲ್ಲ. ಆರಾಧ್ಯರ ಮನೆಗೆ ಹೊಸದಾಗಿ ಹೊಡೆಸಿದ ಹಳದಿ ಬಣ್ಣ ಇಷ್ಟವೇ ಎಂದು ಅವರನ್ನೇ ಕೇಳಿತು. ಇಷ್ಟ, ತುಂಬಾ ಇಷ್ಟ ಎಂದ ಅವರು ಮೂರನೆಯ ಸಲಕ್ಕೆ, "ಎಲ್ಲಿ ಇಷ್ಟ! ಕಾಮಾಲೆ ಬಂದಂಗಿದೆ! ಎಲ್ಲಾ ನಮ್ಮನೆಯವಳ ಆಯ್ಕೆ!" ಎಂದು ಕೂಗಿದರು. ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದ ಅವರ ಮನೆಯವಳ ಕೈ ನಿಂತಿತು. ಆರಾಧ್ಯರು ಆ ದಿನ ಮಧ್ಯಾಹ್ನದ ಊಟವನ್ನೂ ನಮ್ಮಲ್ಲೇ ಮಾಡಿದರು.

ಊಟವಾದ ಮೇಲೆ ನನ್ನ ಸರದಿ.

"ನಂಗೆ ಬೇಡ," ಎಂದೆ. "ಬಾರೇ," ಎಂದರು. "ಬೇಡ ಅಂದ್ನಲ್ಲ," ಎಂದೆ. ಆಮೇಲೆ ಹೋಗಿ ಕೂತೆ. ನನ್ನ ಉತ್ತರ ಏನಿರಬಹುದೆಂದು ನನಗೂ ಕುತೂಹಲವಿತ್ತು.

ಜರಡಿ ಕೂತಿತು, ಪಟ್ಟಿ ಉಬ್ಬಿ ತೋಳನ್ನು ಬಿಗಿಯಾಗಿ ಹಿಡಿಯಿತು. ಇಷ್ಟದ ತಿಂಡಿ? ಅಕ್ಕಿರೊಟ್ಟಿ ಎಂದೆ ಎರಡು ಸಲ. ಮೂರನೆಯ ಸಲ ಬಾಯಿಂದ ಬಂದದ್ದು, "ಯಾರಾದ್ರೂ ಮಾಡ್ಕೊಟ್ಟ ಅಕ್ಕಿರೊಟ್ಟಿ!" ಇಷ್ಟದ ಬಣ್ಣ? ಬೂದು, ಬೂದು... "ಗುಲಾಬಿ! ಕಣ್ಣು ಕುಕ್ಕೋ ಗುಲಾಬಿ!" ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಲೆಕ್ಕ ಕಲಿಸಿದವಳು ನಾನು. ಮತ್ತೆ ಹುಟ್ಟಿದರೆ ಅದೇ ಕೆಲಸ ಎಂದು ಎರಡು ಸಲ ಎದೆ ತಟ್ಟಿಕೊಂಡು ಹೇಳಿ, ಮೂರನೆಯ ಸಲ, "ಬಸ್ ಕಂಡಕ್ಟರ್! ನಾನು ಸೀಟಿ ಊದೋ ತನಕ ಡ್ರೈವರೂ ಅಲ್ಲಾಡೋ ಹಂಗಿಲ್ಲ!" ಎಂದುಬಿಟ್ಟೆ.

ಪ್ರತಿ ಸಲ ಹಸಿರು ದೀಪ, ಟಿಂಗ್ ಎಂಬ ಸದ್ದು.

"ಏನ್ರೀ ಅದು ಟಿಂಗ್?"

"ಉತ್ತರ ನೇರವಾಗಿ ವಾರಿಜಾಕ್ಷಿಯವರ ಫೋನಿಗೆ ಹೋಯ್ತು. ನಿಂಗೆ ಬರೆಯೋ ಶ್ರಮ ಯಾಕೆ ಅಂತ..."

"ಅಯ್ಯೋ! ಅಚ್ಚಾಗುತ್ತಲ್ರೀ!"

ಆಗಲೇ ನಮ್ಮವರ ಮುಖ ಬಿಳಿಚಿಕೊಂಡಿತು. ಹದಿಮೂರು ಪ್ರಶ್ನೆಗೆ ಹದಿಮೂರು ಸಲವೂ ನನ್ನ ಮೂರನೆಯ ಉತ್ತರ ಬೇರೆಯೇ ಆಗಿತ್ತು. ಉಳಿದದ್ದು ಒಂದು.

"ಸಾಕು, ಸಾಕು! ಆಫ್ ಮಾಡ್ತೀನಿ!" ಎಂದು ಗುಂಡಿ ಒತ್ತಿದರು.

"ಬೇಡ, ಈಗ್ತಾನೆ ಶುರು ಮಾಡಿದೀನಿ," ಎಂದಳು ಯಂತ್ರದೊಳಗಿನ ಅತ್ತೆ. ಪ್ಲಗ್ಗನ್ನೇ ಕಿತ್ತರು. ಅತ್ತೆ ಜಗ್ಗಲಿಲ್ಲ.

"ಕರೆಂಟು ಹೋದ್ರೆ ಇರ್ಲಿ ಅಂತ ಬ್ಯಾಟರಿ ಹಾಕಿದೀನಿ ಕಣೇ," ಎಂದರು ಸೋತ ದನಿಯಲ್ಲಿ.

"ಇದೇ ಗಂಡನೇ?" ಎಂದು ಕೇಳಿತು ಯಂತ್ರ.

"ಹೌದು."

"ಪರವಾಗಿಲ್ಲ ಹೇಳಿ, ಇದೇ ಗಂಡನೇ?"

"ಹೌದು."

"ದಾಕ್ಷಿಣ್ಯ ಮಾಡ್ಕೋಬೇಡಿ. ನಿಜ ಹೇಳಿ! ಇದೇ ಗಂಡನೇ?"

ನನಗೆ ನಿಜವಾಗಿಯೂ ಭಯವಾಯಿತು. ಗುಲಾಬಿ ಬಣ್ಣ ನನಗಿಷ್ಟವೆಂದು ಐವತ್ತೊಂಬತ್ತು ವರ್ಷ ನನಗೇ ತಿಳಿಯದೆ ಇದ್ದ ಮೇಲೆ ಇನ್ನೇನೇನು ಒಳಗಿದೆಯೋ! ನಮ್ಮವರನ್ನು ನೋಡಿದೆ. ಕಿತ್ತ ಪ್ಲಗ್ಗನ್ನು ಕೈಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿ ನಿಂತಿದ್ದರು. ಒಂದೇ ಒಂದು ಮಾತನ್ನು ಬಾಯಿಬಿಟ್ಟು ಕೇಳಲಾರದೆ ಒಂಬತ್ತು ದಿನ ಬೆಸುಗೆ ಹಾಕಿದ ಮನುಷ್ಯ! ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಗುವೂ ಬಂತು.

"ಹೌದು ಅಂದ್ನಲ್ಲ! ಇವರೇ!" ಎಂದು ಗದರಿದೆ.

ಹಸಿರು ದೀಪ ಉರಿಯಲಿಲ್ಲ. ಟಿಂಗ್ ಎನ್ನಲಿಲ್ಲ. ಯಂತ್ರ ಗಂಟಲು ಸರಿಪಡಿಸಿಕೊಂಡಿತು.

"ದಾಕ್ಷಿಣ್ಯ ಮಾಡ್ಕೋಬೇಡಿ. ಇದೇ ಗಂಡನೇ?"

ನಾಲ್ಕು, ಐದು, ಹತ್ತೊಂಬತ್ತು. ನನ್ನದು ಅದೇ ಉತ್ತರ, ಅದರದ್ದು ಅದೇ ಪ್ರಶ್ನೆ.

"ಏನ್ರೀ ಹೇಳ್ಕೊಟ್ಟಿದೀರಾ ಇದಕ್ಕೆ?"

"ಉತ್ತರ ಬದಲಾಗೋ ತನಕ ಎಲ್ಲಾ ದಾಕ್ಷಿಣ್ಯ ಅಂತ ಹೇಳ್ಕೊಟ್ಟೆ," ಎಂದರು ತಲೆ ಕೆರೆಯುತ್ತಾ. "ಬದಲಾಗದೇ ಇರೋ ಉತ್ತರಾನೂ ಇರುತ್ತೆ ಅಂತ ನಂಗೆ ಹೊಳೀಲೇ ಇಲ್ಲ ಕಣೇ." ಹೇಳುವಾಗ ಅವರ ಮುಖ ಹಬ್ಬದ ದಿನದ ಹಾಗಿತ್ತು. ನನಗೂ ಸಂತೋಷವಾಯಿತು, ತೋರಿಸಿಕೊಳ್ಳಲಿಲ್ಲ. ಪಟ್ಟಿಯ ಗಾಳಿ ಇಳಿಸಿ ಕೈ ಬಿಡಿಸಿಕೊಂಡು ಒಳಗೆ ಹೋದೆ.

ಸ್ಮರಣ ಸಂಚಿಕೆ ಹೋದ ತಿಂಗಳು ಬಂತು. ಎಲ್ಲರ ಹೆಸರಿನ ಮುಂದೆಯೂ ಹದಿನಾಲ್ಕು ಉತ್ತರ. ನನ್ನ ಹೆಸರಿನ ಮುಂದೆ ಹದಿಮೂರು, ಕೊನೆಯಲ್ಲಿ ವಾರಿಜಾಕ್ಷಿ ಹಾಕಿದ ಸಾಲು: "ಇದೇ ಗಂಡನೇ? – ಉತ್ತರ ಇನ್ನೂ ಪರಿಶೀಲನೆಯಲ್ಲಿದೆ." ಮೂವತ್ತೆಂಟು ಗೆಳತಿಯರು ಫೋನ್ ಮಾಡಿ ಸಮಾಧಾನ ಹೇಳಿದರು.

ಯಂತ್ರ ಈಗ ನಡುಮನೆಯ ಕಪಾಟಿನ ಮೇಲಿದೆ. ನಾನು ಹಾದುಹೋದಾಗಲೆಲ್ಲ ಕೇಳುತ್ತದೆ. ರಿಪೇರಿ ಮಾಡಿ ಎಂದರೆ ನಮ್ಮವರು, ಅದರ ಬಿಡಿಭಾಗ ಎಲ್ಲೂ ಸಿಗುವುದಿಲ್ಲವೆನ್ನುತ್ತಾರೆ. ಬ್ಯಾಟರಿಯನ್ನು ಮಾತ್ರ ದಿನಾ ತಪ್ಪದೆ ಚಾರ್ಜಿಗೆ ಹಾಕುತ್ತಾರೆ. ಬೆಳಗಿನಿಂದ ಸಂಜೆಯೊಳಗೆ ನಲವತ್ತು ಸಲವಾದರೂ ಹೌದು ಎನ್ನುತ್ತೇನೆ. ನಲವತ್ತೊಂದನೆಯ ಸಲ ಏನನ್ನುತ್ತೇನೋ, ಅದನ್ನು ತಿಳಿಯಲು ನನಗೂ ಕುತೂಹಲವಿದೆ.