ತೂತು ಬಿದ್ದ ಮೂರು ಪಾತ್ರೆಗಳು

ನಮ್ಮ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ, ಆದದ್ದು ನನಗೆ ಗೊತ್ತಾಗುವುದು ಮಾತ್ರ ಎಲ್ಲರಿಗಿಂತ ಕೊನೆಗೆ. ಹಾಗಾಗಿ ಅನುಮಾನ ಪಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಅದು ನನ್ನ ಉದ್ಯೋಗವೂ ಹೌದು. ದುಬೈಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನಾರು ವರ್ಷ ಊರವರ ರಕ್ತ, ಮೂತ್ರ ನೋಡಿ "ಇದರಲ್ಲಿ ಏನೋ ಉಂಟು" ಎಂದು ಸಂಶಯಪಟ್ಟೇ ಸಂಬಳ ತೆಗೆದುಕೊಂಡವಳು ನಾನು.

ನನ್ನ ಗಂಡ ದೊಡ್ಡ ಕಟ್ಟಡಗಳ ಏಸಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟುವ ಎಲೆಕ್ಟ್ರಿಷಿಯನ್. ಅಲ್ ಕುಸೈಸಿನ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ಮಗಳು ಹತ್ತನೇ ತರಗತಿಯಲ್ಲಿದ್ದ ವರ್ಷ, ಈ ಮನುಷ್ಯ ನನಗೆ ಗೊತ್ತಿಲ್ಲದಂತೆ ಕರೆಂಟಿನಲ್ಲಿ ಬಿಯರ್ ಮಾಡುವ ಯಂತ್ರ ಕಟ್ಟಿದರು. ಡಬ್ಬಿಯ ಪಾಕದಿಂದ ಮಾಡುವ ಸುಲಭದ ಬಿಯರ್ ಅಲ್ಲ, ಧಾನ್ಯದಿಂದಲೇ ಶುರುಮಾಡುವ ಬಿಯರ್. ಮನೆಯಲ್ಲಿ ಮದ್ಯ ಮಾಡಿ ಸಿಕ್ಕಿಬಿದ್ದರೆ ಅಲ್ಲಿ ತಮಾಷೆಯಲ್ಲ. ನಾನೂ ಮಗಳೂ ಇದ್ದದ್ದು ಇವರ ವೀಸಾದ ಮೇಲೆ. ಇವರು ಹೋದರೆ ನಾವೂ ಹೋದಂತೆ, ಮಗಳ ಪರೀಕ್ಷೆಯೂ ಹೋದಂತೆ.

ಹೊಸ ಪಾತ್ರೆಗೆ ತೂತು

ಮೊದಲು ಬಂದದ್ದು ಪಾತ್ರೆಗಳು. ಒಂದೊಂದರಲ್ಲೂ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂರಬಹುದು, ಅಂಥ ಮೂರು ಸ್ಟೀಲ್ ಪಾತ್ರೆ.

"ಎಂತ ಮಾರಾಯ್ರೆ ಇದು?" ಎಂದೆ.

"ಇಗರ್ಜಿಯ ಹಬ್ಬದ ಊಟಕ್ಕೆ. ಚರ್ಚ್ ಹಾಲ್ ಒಳಗೆ ಗ್ಯಾಸ್ ಒಲೆ ಬಿಡುವುದಿಲ್ಲಂತೆ, ಕರೆಂಟಲ್ಲಿ ಅನ್ನ ಮಾಡ್ಲಿಕ್ಕೆ ನಾನೇ ಒಂದು ಸೆಟ್ ಮಾಡಿ ಕೊಡ್ತೇನೆ ಅಂತ ಹೇಳಿದ್ದೇನೆ."

ಹದಿನೆಂಟು ವರ್ಷದ ಸಂಸಾರದಲ್ಲಿ ಅನ್ನ ಬೆಂದಿದೆಯೋ ಇಲ್ಲವೋ ಎಂದು ಒಂದು ಅಗುಳು ಹಿಚುಕಿ ನೋಡದವರಿಗೆ ಇದ್ದಕ್ಕಿದ್ದಂತೆ ಊರಿಗೆಲ್ಲ ಅನ್ನ ಮಾಡುವ ಉಮೇದು. ಅಲ್ಲಿ ರಜೆಯ ದಿನವಾದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ ನೋಡುತ್ತೇನೆ, ಬಾಲ್ಕನಿಯಲ್ಲಿ ಕೂತು ಡ್ರಿಲ್ ಹಿಡಿದು ಹೊಸ ಪಾತ್ರೆಯ ಬುಡಕ್ಕೆ ತೂತು ಕೊರೆಯುತ್ತಿದ್ದಾರೆ. ಒಂದಲ್ಲ, ಪಾತ್ರೆಗೆ ಎರಡೆರಡು.

"ಅನ್ನ ಸೋರುವುದಿಲ್ವಾ?" ಎಂದೆ.

"ಗಂಜಿ ತೆಳಿ ತೆಗೀಲಿಕ್ಕೆ ನಲ್ಲಿ ಇಡ್ತೇನೆ," ಎಂದರು, ತಲೆ ಎತ್ತದೆ.

ಅನ್ನಕ್ಕೆ ನಲ್ಲಿ! ನನ್ನ ಅತ್ತೆ ಐವತ್ತು ವರ್ಷ ಮರದ ಮುಚ್ಚಳ ಇಟ್ಟು ಗಂಜಿ ಬಸಿದವರು. ಮಗ ಇಂಥದ್ದು ಮಾಡುತ್ತಾನೆಂದು ಗೊತ್ತಿದ್ದರೆ ಪಾಪ, ಕೈ ಸುಟ್ಟುಕೊಳ್ಳದೆ ಇಷ್ಟು ವರ್ಷ ಕಾಯುತ್ತಿದ್ದರು.

ಎಲೆಕ್ಟ್ರಾ ಸ್ಟ್ರೀಟಿನ ಮೊಟ್ಟೆಗಳು

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನನ್ನ ಅಕ್ಕನ ಮನೆ. ಒಂದು ದಿನ ಅಲ್ಲಿಗೆ ಹೋದಾಗ ಇವರು "ಹಾಲು ತರ್ತೇನೆ" ಎಂದು ಕಾರು ತೆಗೆದುಕೊಂಡು ಹೋದವರು ಎರಡು ಗಂಟೆಯಾದರೂ ಬರಲಿಲ್ಲ. ಅಕ್ಕನ ಮನೆಯ ಕೆಳಗೇ ಹಾಲಿನಂಗಡಿ ಇದೆ. ಫೋನ್ ಮಾಡಿದರೆ ಹಿಂದೆ ಪೇಟೆಯ ಗದ್ದಲ. ಫೋನಿನ ನಕ್ಷೆಯಲ್ಲಿ ಇವರಿರುವ ಜಾಗ ನೋಡಿ ನಾನು ಅಕ್ಕನ ಕಾರಿನಲ್ಲಿ ಹೊರಟೆ. ಪೇಟೆಯ ನಡುವಿನ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ನಮ್ಮ ಕಾರು ನಿಂತಿತ್ತು, ಎದುರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಇವರು.

ಕೈಯಲ್ಲಿ ಒಂದು ಪುಟ್ಟ ಕಪ್ಪು ಪೆಟ್ಟಿಗೆ, ಕೆಂಪು ಅಂಕೆ ಉರಿಯುತ್ತಿದೆ. ಬಿಸಿಯನ್ನು ಒಂದೇ ಡಿಗ್ರಿಯಲ್ಲಿ ಹಿಡಿದಿಡುವ ಕಂಟ್ರೋಲರ್ ಅದು. ಅಂಗಡಿಯ, ಕನ್ನಡ ಬಲ್ಲ ಮಲಯಾಳಿ ಕೇಳುತ್ತಿದ್ದ, "ಎಂತಕ್ಕೆ ಸಾರ್?"

ನಾನು ಹಿಂದೆ ನಿಂತದ್ದು ಇವರಿಗೆ ಗೊತ್ತಿಲ್ಲ. "ಕೋಳಿಮೊಟ್ಟೆ ಮರಿ ಮಾಡ್ಲಿಕ್ಕೆ," ಎಂದರು.

"ಎಷ್ಟು ಡಿಗ್ರಿಗೆ ಸೆಟ್ ಮಾಡಿ ಕೊಡಲಿ?"

"ಅರವತ್ತೇಳು."

ಅಂಗಡಿಯವನು ಇವರ ಮುಖ ನೋಡಿದ, ಆಮೇಲೆ ಹಿಂದೆ ನಿಂತ ನನ್ನ ಮುಖ ನೋಡಿದ. "ಸಾರ್," ಎಂದ ಮೆಲ್ಲಗೆ, "ಅದರಲ್ಲಿ ಮರಿ ಬರುವುದಿಲ್ಲ, ಆಮ್ಲೆಟ್ ಬರ್ತದೆ."

ನಾತೂರನ ಹಸಿವು

ನಾತೂರ್ ಎಂದರೆ ಅಲ್ಲಿ ಕಟ್ಟಡದ ಕಾವಲುಗಾರ. ನಮ್ಮ ನಾತೂರ್ ಪೇಶಾವರದ ಕಡೆಯ ಆಜಾನುಬಾಹು, ಲಿಫ್ಟಿನ ಪಕ್ಕದ ಕುರ್ಚಿಯಲ್ಲಿ ಕೂತು ಹೋಗಿ ಬರುವ ಚೀಲಗಳನ್ನೆಲ್ಲ ಎಣಿಸುವವನು. ದೊಡ್ಡ ಪಾತ್ರೆ ಮೇಲೆ ಹೋದದ್ದನ್ನು ಅವನು ನೋಡಿದ್ದ. ಗೀಸರಿನ ಎಲಿಮೆಂಟ್ ಹಾಕಿ ಇವರು ನೀರು ಕಾಯಿಸಿ ಪರೀಕ್ಷೆ ಮಾಡಿದಾಗಲೆಲ್ಲ ನಮ್ಮ ಬ್ರೇಕರ್ ಬಿದ್ದು ಕರೆಂಟ್ ಹೋಗುತ್ತಿದ್ದದ್ದೂ ಅವನಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಬೆಲ್ ಹೊಡೆದ. ಬಾಗಿಲ ಸಂದಿಯಿಂದ ಅಡುಗೆಮನೆಯತ್ತ ಕಣ್ಣು ಹಾಕುತ್ತ ಹಿಂದಿಯಲ್ಲಿ ಹೇಳಿದ, "ಭಾಬೀಜಿ, ಮನೆಯಲ್ಲಿ ಏನು ನಡೀತಾ ಇದೆ, ನನಗೆ ಎಲ್ಲಾ ಗೊತ್ತು."

ನನಗೇ ಗೊತ್ತಿಲ್ಲದ್ದು ಇವನಿಗೆ ಹೇಗೆ ಗೊತ್ತು? "ಏನು ನಡೀತಾ ಇದೆ?" ಎಂದೆ. ನನಗೂ ನಿಜವಾಗಿ ತಿಳಿದುಕೊಳ್ಳಬೇಕಿತ್ತು.

"ಮೆಸ್ ನಡೆಸ್ತಿದ್ದೀರಿ. ಬ್ಯಾಚುಲರ್‌ಗಳಿಗೆ ಊಟ ಕಳಿಸ್ತಿದ್ದೀರಿ. ಕಟ್ಟಡದ ಆಫೀಸಿಗೆ ತಿಳಿದರೆ ನಿಮ್ಮನ್ನು ಫ್ಲ್ಯಾಟಿನಿಂದ ಖಲಾಸ್ ಮಾಡ್ತಾರೆ."

ಇಲ್ಲ ಎಂದೆ, ದೇವರಾಣೆ ಎಂದೆ. ಅವನು ಗಡ್ಡ ನೀವಿಕೊಂಡ. ಆಮೇಲೆ ದನಿ ತಗ್ಗಿಸಿ ಕೇಳಿದ, "ಹೇಳುವುದಿಲ್ಲ ಬಿಡಿ. ಶುಕ್ರವಾರ ಬಿರಿಯಾನಿ ಉಂಟಾ?"

ಮೂತ್ರದಲ್ಲಿ ತೇಲುವ ಗಾಜು

ಒಂದು ಸಂಜೆ ಚಹಾ ಕುಡಿಯುತ್ತ ಇವರು ಬಹಳ ಹಗುರವಾಗಿ ಕೇಳಿದರು, "ನಿಮ್ಮ ಲ್ಯಾಬಿನಲ್ಲಿ ಮೂತ್ರದಲ್ಲಿ ತೇಲಿಬಿಟ್ಟು ಎಷ್ಟು ಗಟ್ಟಿ ಉಂಟು ಅಂತ ನೋಡುವ ಗಾಜಿನದ್ದು ಇರ್ತದಲ್ಲ? ಹಳೇದು ಒಂದು ಸಿಗಬಹುದಾ?"

ಇವರ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಗಂಡಸರು ಕಾಯಿಲೆ ಮುಚ್ಚಿಡುವುದನ್ನು ನಾನು ದಿನಾ ನೋಡುತ್ತೇನೆ. ಹಾಗಾದರೆ ಪಾತ್ರೆ, ಆಮೇಲೆ ಒಂದೊಂದಾಗಿ ಮನೆಗೆ ಬಂದ ಕೊಳವೆ, ಪಂಪು ಎಲ್ಲ ಮನಸ್ಸನ್ನು ಬೇರೆ ಕಡೆ ತಿರುಗಿಸಲಿಕ್ಕೆ! ಆ ಸಂಜೆಯೆಲ್ಲ ಅಳುತ್ತ ಕಳೆದೆ. ಮರುದಿನ ಬೆಳಿಗ್ಗೆ ಚಹಾ ಕೂಡ ಕೊಡದೆ ಆಸ್ಪತ್ರೆಗೆ ಎಳೆದುಕೊಂಡು ಹೋಗಿ, ನನ್ನ ಕೈಯಾರೆ ರಕ್ತ ತೆಗೆದು, ಬಾಟಲಿ ಕೊಟ್ಟು ಬಾತ್‌ರೂಮಿಗೆ ಕಳಿಸಿದೆ. ಇವರು ಬಾಟಲಿ ಹಿಡಿದು ವಿಧೇಯರಾಗಿ ಹೋದರು. ಅದರಿಂದ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ರಿಪೋರ್ಟ್ ಬಂತು. ಸಕ್ಕರೆ, ಕಿಡ್ನಿ, ಲಿವರ್ ಎಲ್ಲ ಇಪ್ಪತ್ತು ವರ್ಷದ ಹುಡುಗನದ್ದರ ಹಾಗೆ. ನಾನು ದೇವರಿಗೆ ಕೈ ಮುಗಿದು ಹಾಳೆ ಕೊಟ್ಟರೆ ಇವರು ಅದನ್ನು ನೋಡಲೂ ಇಲ್ಲ.

"ಹಾಳೆ ಇರಲಿ, ಗಾಜು ಸಿಕ್ಕಿತಾ?"

ಈಗ ಯಾರೂ ಬಳಸದೆ ಡ್ರಾಯರಿನಲ್ಲಿ ಬಿದ್ದಿದ್ದದ್ದನ್ನು ಮೇಲಿನವರನ್ನು ಕೇಳಿ ತಂದಿದ್ದೆ. ಕೊಟ್ಟೆ.

"ಸರಿಯಾಗಿ ತೊಳೆದಿದ್ದೀಯಾ?" ಎಂದರು ಕಾಳಜಿಯಿಂದ. "ಕುಡಿಯುವ ವಸ್ತುವಿಗೆ ಹಾಕ್ಲಿಕ್ಕೆ ಉಂಟು."

ಆಡಿಲ್ಲದ ಮನೆಯ ಮೇವು

ಕೊನೆಗೆ ಗುಟ್ಟು ರಟ್ಟು ಮಾಡಿದ್ದು ಬಾರ್ಲಿ. ಮೇವಿನ ಅಂಗಡಿಯಿಂದ, ಆಡು ಕುದುರೆಗಳಿಗೆ ಹಾಕುವ ಸಿಪ್ಪೆ ಸಮೇತದ ಬಾರ್ಲಿಯ ಮೂಟೆ ತಂದು, ನೆನೆಸಿ, ನಮ್ಮ ಮಂಚದಡಿ ಬೆಡ್‌ಶೀಟ್ ಹಾಸಿ ಹರಡಿದ್ದರು. ಏಸಿಯ ತಂಪಿಗೆ ಹೆಸರುಕಾಳಿನ ಹಾಗೆ ಮೊಳಕೆ ಬಂದಿತ್ತು. ಗುಡಿಸಲು ಬಗ್ಗಿದವಳು ಕಿರುಚಿದೆ.

ಮಗಳು ಓಡಿ ಬಂದು ನೋಡಿ, ಫೋನಿನಲ್ಲಿ ಏನೋ ಹುಡುಕಿ, ತಣ್ಣಗೆ ಹೇಳಿದಳು, "ಮಮ್ಮಿ, ಹೀ ಈಸ್ ಮೇಕಿಂಗ್ ಬಿಯರ್. ದಿಸ್ ಈಸ್ ಇಲ್ಲೀಗಲ್."

ಸಿಟ್ಟು, ಹೆದರಿಕೆ ಎರಡೂ ಒಟ್ಟಿಗೆ ಬಂತು ನನಗೆ. "ಪೊಲೀಸರು ಬಂದರೆ ನಿಮ್ಮ ವೀಸಾ ಹೋಗ್ತದೆ. ನಾನು, ಇವಳು ಎಲ್ಲಿಗೆ ಹೋಗುವುದು? ಮಾರ್ಚಿಗೆ ಪರೀಕ್ಷೆ!"

ಇವರು ತಪ್ಪು ಮಾಡಿದ ಮಕ್ಕಳಂತೆ ನಿಂತರು. "ಯೀಸ್ಟ್ ಹಾಕಿದರೆ ಮಾತ್ರ ಬಿಯರ್ ಮಾರಾಯ್ತಿ. ಹಾಕದಿದ್ದರೆ ಬರೀ ಬಾರ್ಲಿ ಕಷಾಯ. ಬಾರ್ಲಿ ಕುಡಿದವರನ್ನು ಯಾವ ಪೊಲೀಸ್ ಹಿಡೀತಾನೆ? ಯಂತ್ರ ಸರಿ ಉಂಟಾ ಅಂತ ಒಮ್ಮೆ ನೋಡಿ, ಚೆಲ್ಲಿ, ಪಾತ್ರೆಗಳನ್ನು ಮಾರ್ತೇನೆ. ಅಮ್ಮನಾಣೆ."

ಅಮ್ಮನಾಣೆ ಹಾಕಿದ ಮೇಲೂ ನಾನು ಅಡುಗೆಮನೆಯ ಯೀಸ್ಟ್ ಡಬ್ಬಿಯನ್ನು ನನ್ನ ಹ್ಯಾಂಡ್‌ಬ್ಯಾಗಿನಲ್ಲಿಟ್ಟುಕೊಂಡು ಡ್ಯೂಟಿಗೆ ಹೋದೆ. ಲ್ಯಾಬಿನಲ್ಲಿ ಪೆನ್ನು ಹುಡುಕುವಾಗ ಡಬ್ಬಿ ಹೊರಗೆ ಬಿತ್ತು. ಹೆಸರು ಬರೆಯದ ಆ ಪುಡಿ ಏನೆಂದು ಜೊತೆಯವಳು ಕೇಳಿದಳು. "ಗಂಡನ ಮೇಲೆ ನಂಬಿಕೆ ಇಲ್ಲ, ಅದಕ್ಕೆ," ಎಂದೆ. ಅವಳು ಇವತ್ತಿನವರೆಗೂ ನನ್ನ ಟಿಫಿನ್ ಮುಟ್ಟಿಲ್ಲ.

ಹಾಳು ಮಾಡಲು ಹೋಗಿ

ಗುರುವಾರ ಸಂಜೆ ಯಂತ್ರ ಓಡಿತು. ಸುಳ್ಳು ಯಾಕೆ ಹೇಳಲಿ, ನೋಡಲು ಚಂದವೇ ಇತ್ತು. ಒಂದು ಪಾತ್ರೆಯಲ್ಲಿ ನೀರು ಕಾದು, ಎರಡನೆಯದರಲ್ಲಿ ಒಣಗಿಸಿ ಒಡೆದ ಬಾರ್ಲಿ ಅರವತ್ತೇಳು ಡಿಗ್ರಿಯಲ್ಲಿ ನೆನೆದು, ಮೂರನೆಯದರಲ್ಲಿ ರಸ ಕುದಿಯಿತು; ಆರಿದ ರಸದಲ್ಲಿ ನಮ್ಮ ಲ್ಯಾಬಿನ ಗಾಜು ತೇಲಿ ಅದು ಎಷ್ಟು ಗಟ್ಟಿ ಎಂದು ತೋರಿಸಿತು. ಬಿಯರಿಗೆ ಹಾಕುವ ಕಹಿ ಹೂವು ಸಿಗದೆ ಇವರು ಜ್ವರಕ್ಕೆ ಕೊಡುವ ಕಿರಾತಕಡ್ಡಿ ಹಾಕಿದ್ದರು. ಇಪ್ಪತ್ತು ಲೀಟರ್ ಕಷಾಯವನ್ನು ಬಕೆಟಿಗೆ ಹಾಕಿ ಮುಚ್ಚಿ, ಸ್ಟೋರ್ ರೂಮಿನಲ್ಲಿಟ್ಟು, "ಮುಂದಿನ ವಾರ ಚೆಲ್ತೇನೆ" ಎಂದರು.

ಮುಂದಿನ ವಾರ ಯಾಕೆ? ಇವತ್ತೇ ಚೆಲ್ಲಬಾರದಾ? ಕಳ್ಳನ ಮನಸ್ಸು ಹುಳ್ಳಗೆ. ಎಲ್ಲೋ ಇನ್ನೊಂದು ಯೀಸ್ಟ್ ಪೊಟ್ಟಣ ಬಚ್ಚಿಟ್ಟಿದ್ದಾರೆ, ನಾನು ಡ್ಯೂಟಿಗೆ ಹೋದ ಮೇಲೆ ಹಾಕುತ್ತಾರೆ ಎಂಬುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ. ನಾನೇ ಚೆಲ್ಲಿದರೆ ಜಗಳ. ಚೆಲ್ಲದೆ ಹಾಳು ಮಾಡಬೇಕು, ಮತ್ತೆ ಯಾವ ದೇವರು ಬಂದರೂ ಅದು ಬಿಯರ್ ಆಗಬಾರದು. ಹಾಲಿಗೆ ಹುಳಿ ಹಿಂಡಿದರೆ ಹಾಲು ಹಾಳು, ಅಷ್ಟು ನನಗೆ ಗೊತ್ತಿಲ್ಲವೇ? ಶುಕ್ರವಾರ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಮನೆಯಲ್ಲಿದ್ದ ಅತ್ಯಂತ ಹುಳಿ ವಸ್ತುವನ್ನು, ಹಿಂದಿನ ದಿನ ರುಬ್ಬಿಟ್ಟ 'ಸಣ್ಣ'ದ ಹಿಟ್ಟನ್ನು, ಒಂದು ದೊಡ್ಡ ಬಟ್ಟಲು ತುಂಬ ಆ ಬಕೆಟಿಗೆ ಸುರಿದು ಕಲಕಿ ಮುಚ್ಚಿದೆ. ಸಣ್ಣ ಎಂದರೆ ನಮ್ಮ ಕೊಂಕಣಿ ಕ್ರಿಶ್ಚಿಯನ್ನರ ಇಡ್ಲಿ. ಊರಿನಲ್ಲಿ ಅದರ ಹಿಟ್ಟು ಉಬ್ಬಲು ಕಳ್ಳು ಹಾಕುತ್ತೇವೆ. ದುಬೈಯಲ್ಲಿ ಕಳ್ಳು ಎಲ್ಲಿಂದ? ಯೀಸ್ಟ್ ಹಾಕುತ್ತೇವೆ.

ಹೌದು. ಹದಿನಾರು ವರ್ಷ ಲ್ಯಾಬಿನಲ್ಲಿದ್ದವಳಿಗೆ ಆಗ ಅದು ಹೊಳೆಯಲಿಲ್ಲ.

ಭಾನುವಾರ ಡ್ಯೂಟಿ ಮುಗಿಸಿ ಬಂದರೆ ಬಾಗಿಲಲ್ಲೇ ಊರಿನ ಕಳ್ಳಿನ ಗಡಂಗಿನ ವಾಸನೆ. ಸ್ಟೋರ್ ರೂಮಿನಲ್ಲಿ ಬಕೆಟಿನ ಮುಚ್ಚಳ ಟೋಪಿ ಎತ್ತಿದಂತೆ ಎದ್ದಿದೆ, ನೊರೆ ಹೊರಗೆ ಹರಿಯುತ್ತಿದೆ, ಒಳಗೆ ಬುಳುಬುಳು ಸದ್ದು. ಪಕ್ಕದಲ್ಲಿ ನನ್ನ ಗಂಡ, ಬಣ್ಣ ಹೋದ ಮುಖ.

"ನಾನು ಹಾಕಿದ್ದಲ್ಲ!" ಎಂದರು. "ಅಮ್ಮನಾಣೆ, ನಾನು ಹಾಕಿದ್ದಲ್ಲ!"

"ಗೊತ್ತುಂಟು," ಎಂದೆ. ಆಮೇಲೆ ಹೇಳಲೇಬೇಕಾಯಿತು.

ಇವರು ಬಾಗಿಲಿಗೆ ಒರಗಿ ಕೂತುಬಿಟ್ಟರು. "ನಾಲ್ಕು ತಿಂಗಳು ಯಂತ್ರ ಕಟ್ಟಿಯೂ ಯೀಸ್ಟ್ ಹಾಕ್ಲಿಕ್ಕೆ ನನಗೆ ಧೈರ್ಯ ಬರಲಿಲ್ಲ ಮಾರಾಯ್ತಿ. ನೀನು ಬಟ್ಟಲಲ್ಲಿ ಅಳೆದು ಹಾಕಿದೆ."

"ಸೋ ಟೆಕ್ನಿಕಲಿ," ಎಂದಳು ಮಗಳು ಪುಸ್ತಕದಿಂದ ತಲೆ ಎತ್ತದೆ, "ಮಮ್ಮಿ ಈಸ್ ದ ಕ್ರಿಮಿನಲ್."

ಅವಳು ಹೇಳಿದ್ದು ಸರಿಯೇ ಇತ್ತು. ಯಂತ್ರ ಕಟ್ಟಿದವರು ಇವರು, ಅರಬ್ ದೇಶದಲ್ಲಿ ಮದ್ಯ ತಯಾರಿಸಿದವಳು ನಾನು. ಇಬ್ಬರೂ ಸೇರಿ ಬಾತ್‌ರೂಮಿಗೆ ಬಕೆಟ್ ಎಳೆದೆವು. ಮಗ್ಗಿನಲ್ಲಿ ಒಂದೊಂದೇ ಸುರಿದು ಫ್ಲಶ್ ಮಾಡುತ್ತ, ಪ್ರತಿ ಫ್ಲಶ್ಶಿಗೂ ಪಕ್ಕದ ಮನೆಯವರಿಗೆ ಕೇಳಿತೋ ಎಂದು ಕಿವಿ ಕೊಡುತ್ತ ಅರ್ಧ ಗಂಟೆ ಕಳೆಯಿತು. ನಾನು ಜಪಸರದ ಮಣಿ ಎಣಿಸಿದಂತೆ ಮಗ್ಗು ಎಣಿಸಿದೆ. ಇನ್ನು ಮೇಲೆ ಗಂಡನ ಮೇಲೆ ಅನುಮಾನ ಪಡುವುದಿಲ್ಲ ಎಂದು ಮೇರಿ ಮಾತೆಗೆ ಹರಕೆಯನ್ನೂ ಹೊತ್ತೆ.

ಕೊನೆಯ ಮಗ್ಗನ್ನು ನಾನು ಎತ್ತಿದಾಗ ಇವರು ನನ್ನ ಕೈ ಹಿಡಿದರು. ಕಣ್ಣಲ್ಲಿ ನೀರು. ಒಂದೇ ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು, ಕಣ್ಣು ಮುಚ್ಚಿದರು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ನನ್ನ ಯಾವ ಅಡುಗೆಯ ಬಗ್ಗೆಯೂ ಒಂದು ಪ್ರಶ್ನೆ ಕೇಳದ ಮನುಷ್ಯ ಜೇಬಿನಿಂದ ಪೆನ್ನು ತೆಗೆದು ಮೆಲ್ಲಗೆ ಕೇಳಿದರು:

"ಆ ಹಿಟ್ಟಿಗೆ ಉದ್ದು ಎಷ್ಟು ಹಾಕಿದ್ದೆ?"